ಎರಡು ವಾಚುಗಳ ನಡಿಗೆ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಾಸಿಕ್‌ನ ಠಾಣೆಗೆ ಬಂದ ವಸಂತಿ ಕುರ್ಚಿಯಲ್ಲಿ ಕೂರಲೇ ಇಲ್ಲ. ಇನ್‌ಸ್ಪೆಕ್ಟರ್ ಶರಣಬಸವನ ಮೇಜಿನ ಮೇಲೆ ಮೊಬೈಲ್ ಇಟ್ಟು, "ಇದು ನನ್ನ ಗಂಡನ ಎದೆಬಡಿತ ಅಲ್ಲ ಸರ್" ಎಂದಳು.

ಕಾನ್‌ಸ್ಟೇಬಲ್ ಶಬಾನಾಗೆ ನಗು ಬಂತು. ಸರ ಕಿತ್ತರು, ಬೈಕು ಕದ್ದರು ಎಂದು ಬರುವವರುಂಟು. ಎದೆಬಡಿತ ಬದಲಾಯಿತೆಂದು ಯಾರೂ ಠಾಣೆಯ ಮೆಟ್ಟಿಲು ಹತ್ತಿರಲಿಲ್ಲ. ಶರಣಬಸವ ನಗಲಿಲ್ಲ. ಬೀದರ್ ಕಡೆಯವನು, ಕನ್ನಡ ಕಿವಿಗೆ ಬಿದ್ದರೆ ಅರ್ಧ ಕರಗುವ ಆಸಾಮಿ.

"ಪೂರಾ ಹೇಳ್ರಿ ಅಕ್ಕಾ."

ವಸಂತಿಯ ಗಂಡ ಭುಜಂಗ ನಾಸಿಕ್‌ನಲ್ಲಿ ಹೋಟೆಲ್ ಮಾಲೀಕ. ಬಿಡಕಿನ್‌ನಲ್ಲಿ ಇನ್ನೊಂದು ಹೋಟೆಲಿಗೆ ಜಾಗ ನೋಡಲು ತಮ್ಮ ಸ್ವರೂಪನ ಜೊತೆ ಬುಧವಾರ ಅದರ ಪಕ್ಕದ ಛತ್ರಪತಿ ಸಂಭಾಜಿನಗರಕ್ಕೆ ಹೋಗಿದ್ದ. ಗುರುವಾರ ಸಂಜೆಯಿಂದ ಫೋನ್ ರಿಂಗಾದರೂ ಎತ್ತುವವರಿಲ್ಲ. ಮೈಕ್ ಕೆಟ್ಟಿದೆ ಎಂದು ಮೆಸೇಜ್ ಮಾತ್ರ. ಮನೆಯವರ ಮೊಬೈಲ್ ಗುಂಪಿನಲ್ಲಿ ಅಣ್ಣತಮ್ಮಂದಿರ ವಾಚುಗಳು ಅಳೆದ ಬೆಳಗಿನ ನಡಿಗೆಯ ಲೆಕ್ಕ, ಎದೆಬಡಿತದ ಸಮೇತ, ತಪ್ಪದೆ ಬರುತ್ತಿತ್ತು.

"ಅವರಿಗೆ ಹೃದಯದ ಮಾತ್ರೆ ಉಂಟು ಸರ್. ಎಷ್ಟು ಬೀಸಿ ನಡೆದರೂ ಬಡಿತ ನೂರು ದಾಟುದಿಲ್ಲ. ಈಗ ನೋಡಿ, ಪ್ರಾಯದ ಹುಡುಗರ ಹಾಗೆ ಏರಿದೆ. ಮಾತ್ರೆ ಬಿಟ್ಟಿದ್ದಾರಾ, ಇಲ್ಲಾ..."

ಕಾಣೆಯಾದ ದೂರು ದಾಖಲಾಯಿತು. ಶಬಾನಾ ಇಬ್ಬರ ನಡಿಗೆಯನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಬಡಿತ ಒಂದೇ ಕಡೆ ಏರಿ, ಒಂದೇ ಕಡೆ ಇಳಿದಿತ್ತು. ಅವಳ ನಗು ಆರಿಹೋಯಿತು.

"ಸಾಹೇಬ್, ಜೋಡಿ ನಡದ್ರ ದಾರಿ ಒಂದೇ ಇರ್ತದ, ಎದಿ ಒಂದೇ ಇರ್ತದೇನ್ರಿ? ದೋನೋ ವಾಚ್ ಒಬ್ಬನೇ ಕಟ್ಕೊಂಡಾನ."

ಶರಣಬಸವ ಮೊಬೈಲನ್ನು ತನ್ನತ್ತ ಎಳೆದುಕೊಂಡ. ಬದುಕಿರುವವನ ವಾಚನ್ನು ಇನ್ನೊಬ್ಬ ಯಾಕೆ ಕಟ್ಟಿಕೊಳ್ಳುತ್ತಾನೆ? ಸ್ವರೂಪನ ವಾಚು ದಾರಿಯ ನಕ್ಷೆಯನ್ನೂ ಬಿಡಿಸಿತ್ತು: ದಿನವೂ ಸಂಭಾಜಿನಗರದ ಒಂದು ಖಾಸಗಿ ಆಸ್ಪತ್ರೆಯ ಕಾಂಪೌಂಡಿನ ಸುತ್ತ ಸುತ್ತು.

ಅಲ್ಲಿನ ಠಾಣೆಗೆ ಫೋನ್ ಹೋಯಿತು. ಗುರುವಾರ ಬಿಡಕಿನ್ ರಸ್ತೆಯಲ್ಲಿ ಬೈಕ್ ಅಪಘಾತ, ದಾರಿಹೋಕ ಎಂದು ಹೇಳಿಕೊಂಡವನೊಬ್ಬ ಗಾಯಾಳುವನ್ನು ಆ ಆಸ್ಪತ್ರೆಗೆ ಸೇರಿಸಿ ಮಾಯವಾಗಿದ್ದಾನೆ, ಸ್ಥಿತಿ ಗಂಭೀರ. ಊರು, ಮನೆಯವರು ಯಾರೆಂದು ಗೊತ್ತಿಲ್ಲದ ರೋಗಿಗೆ ಹೃದಯದ ಮಾತ್ರೆ ಬೇಕೆಂದು ಯಾರಿಗೆ ತಿಳಿದೀತು? ಹಳೆಯ ಔಷಧಿ ಚೀಟಿಗಳನ್ನೆಲ್ಲ ಫೋನಿನಲ್ಲಿ ಆಸ್ಪತ್ರೆಗೆ ಕಳಿಸಿ, ವಸಂತಿಯನ್ನೂ ಜೀಪು ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಅವಳದು ಒಂದೇ ಪ್ರಶ್ನೆ: "ಇನ್ನೆಷ್ಟು ದೂರ?" ಶರಣಬಸವ ಪ್ರತಿ ಸಲವೂ ಸುಳ್ಳು ಹೇಳಿದ.

ಮಧ್ಯಾಹ್ನ ಎರಡೂವರೆ. ವಸಂತಿ ಆಸ್ಪತ್ರೆಯ ಒಳಗೆ ಓಡಿದಳು. ಸ್ವರೂಪ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದ, ಎರಡೂ ಕೈಗೆ ವಾಚು.

"ಬೈಕ್ ಯಾರು ಓಡಸ್ತಿದ್ರು?"

"ನಾನು."

"ಅಣ್ಣನ ಹೆಸರು ಯಾಕ ಹೇಳಲಿಲ್ಲ?"

"ಅತ್ತಿಗೆಗೆ ಗೊತ್ತಾಗ್ತದಲ್ಲ ಸರ್. ಅಣ್ಣನನ್ನು ಕೂರಿಸಿಕೊಂಡು ಬೈಕ್ ಓಡಿಸುದಿಲ್ಲ ಅಂತ ದೇವರ ಮುಂದೆ ಆಣೆ ಹಾಕಿಸಿದ್ರು. ಅಣ್ಣ ಎದ್ದು ಕೂತ ಮೇಲೆ ಹೇಳುವ ಅಂತ... ಬೆಳಿಗ್ಗೆ ಅಣ್ಣನ ವಾಕಿಂಗ್ ಕಾಣದಿದ್ರೆ ಅವರು ಕಾಫಿ ಸಹ ಮುಟ್ಟುದಿಲ್ಲ."

"ಒಳಗ ಹೋಗಿ ನೋಡಿಯೇನು?"

"ಇಲ್ಲ. ಸತ್ತಿದ್ದಾರೆ ಅಂದ್ರೆ?"

ಎರಡು ವಾಚು, ಭುಜಂಗನ ಮೊಬೈಲು ಪಂಚನಾಮೆಗೆ ಸೇರಿದವು. ಸ್ಥಳೀಯ ಠಾಣೆಯ ಎಫ್‌ಐಆರ್‌ನಲ್ಲಿ ಸ್ವರೂಪನನ್ನು ಬಂಧಿಸಲಾಯಿತು. ತಾಯಿ ತೀರಿದ ಮೇಲೆ ವಸಂತಿಯೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ಅವನು ಹೆದರಿದ್ದು ಜೈಲಿಗಲ್ಲ, ಅವಳ ಮುಖಕ್ಕೆ.

ವಸಂತಿ ಹೊರಗೆ ಬಂದಳು. ಜೀವಕ್ಕೆ ಅಪಾಯ ತಪ್ಪಿದೆ ಎಂದು ವೈದ್ಯರು ಹೇಳಿದ್ದರು. ಜೀಪಿನ ಹತ್ತಿರ ಬಂದವಳೇ ಸ್ವರೂಪನಿಗೆ ಹೊಡೆಯಲು ಕೈ ಎತ್ತಿದಳು, ಹೊಡೆಯಲಿಲ್ಲ.

"ಅವರ ಮಂಚಕ್ಕೆ ಏನು ಹೆಸರು ಬರೆದಿದ್ದಾರೆ ಗೊತ್ತುಂಟಾ? ಸ್ವರೂಪ್ ಅಂತ. ಪ್ರಜ್ಞೆ ಇಲ್ಲದಿದ್ರೂ ಬಾಯಲ್ಲಿ ಅದೊಂದೇ ಹೆಸರು ಬರ್ತಿತ್ತಂತೆ. ಅವರ ಹೆಸರೇ ಅದು ಅಂತ ನರ್ಸುಗಳು ತಿಳ್ಕೊಂಡಿದ್ದಾರೆ."

ಸ್ವರೂಪ ಜೀಪಿನೊಳಗೆ ಕುಸಿದು ಕೂತ. ಶರಣಬಸವ ಬಾಗಿಲು ಎಳೆದುಕೊಂಡು ಚಾಲಕನಿಗೆ ಹೊರಡು ಎಂದ.