ಕಣ್ಣು ಮುಚ್ಚಿ ಕೇಳಿದವನು

"ಎದ್ದೇಳ್ರೀ! ಮುಂದಿನ ಬೆಂಚು, ಕಿಟಕಿ ಪಕ್ಕ... ನಿಮಗೇ ಹೇಳ್ತಿರೋದು!"

ಬಸ್ ಡಿಪೋದ ತರಬೇತಿ ಕೋಣೆಯಲ್ಲಿದ್ದ ನಲವತ್ತು ಮಂದಿ ಚಾಲಕರೂ ಒಮ್ಮೆಗೇ ಬೆನ್ನು ನೆಟ್ಟಗೆ ಮಾಡಿಕೊಂಡರು. ಆ ಒಬ್ಬನನ್ನು ಬಿಟ್ಟು.

ಅವನ ಕಣ್ಣು ಮುಚ್ಚಿತ್ತು. ತಲೆ ಎದೆಯತ್ತ ಬಾಗಿತ್ತು. ಎರಡು ಕೈಗಳೂ ತೊಡೆಯ ಮೇಲೆ ಅಂಗಾತ ಬಿದ್ದಿದ್ದವು, ಹಾಲು ಕುಡಿದು ಮಲಗಿದ ಮಗುವಿನ ಕೈಗಳ ಹಾಗೆ.

ಕಪ್ಪು ಹಲಗೆಯ ಮುಂದೆ ನಿಂತು ಸುರಕ್ಷತೆಯ ಪಾಠ ಹೇಳುತ್ತಿದ್ದ ಅವಳ ಮೈಯೆಲ್ಲ ಉರಿದುಹೋಯಿತು. ಬ್ರೇಕಿನ ಪಾಠದಲ್ಲಿ ತೂಕಡಿಸಿದ್ದರೆ ಸಹಿಸುತ್ತಿದ್ದಳೇನೋ. ಟೈರಿನ ಪಾಠವಾದರೆ ಹಾಳಾಗಲಿ ಎಂದು ಬಿಡುತ್ತಿದ್ದಳು. ಆದರೆ ಇದು ಅಮ್ಮನ ಕಥೆ!

ಹನ್ನೊಂದು ವರ್ಷದ ಮಗಳಿಗೆ ಹೊಸ ಚಪ್ಪಲಿ ಕೊಂಡು, ಬಸ್ಸಿನ ಮೂರನೆಯ ಸೀಟಿನಲ್ಲಿ ಕುಳಿತು ಮನೆಗೆ ಹೊರಟಿದ್ದ ಅಮ್ಮ. ಮಟಮಟ ಮಧ್ಯಾಹ್ನ. ಚಾಲಕನಿಗೆ ಒಂದೇ ಒಂದು ಕ್ಷಣ ರೆಪ್ಪೆ ಮುಚ್ಚಿತು... ಆಮೇಲೆ ಮನೆಗೆ ಬಂದದ್ದು ಚಪ್ಪಲಿಯ ಚೀಲ ಮಾತ್ರ.

ಈ ಕಥೆ ಹೇಳುವುದಕ್ಕಾಗಿಯೇ ಅವಳು ಈ ಕೆಲಸಕ್ಕೆ ಸೇರಿದ್ದಳು. ಪ್ರತಿ ಸಲವೂ ಹೇಳಿ ಮುಗಿಸುತ್ತಿದ್ದಳು. ಇವತ್ತು ಮುಗಿಸಲಾಗಲಿಲ್ಲ.

ಡಸ್ಟರ್ ಹಾರಿಹೋಗಿ ಅವನ ಮುಂದಿನ ಡೆಸ್ಕಿಗೆ ಬಡಿಯಿತು. ಸೀಮೆಸುಣ್ಣದ ಪುಡಿ ಅವನ ಖಾಕಿ ಅಂಗಿಯ ಮೇಲೆಲ್ಲ ಹರಡಿತು.

ಅವನು ಕಣ್ಣು ತೆರೆದ. ಎದ್ದು ನಿಂತ. ಆ ಕಣ್ಣು ಒದ್ದೆಯಾಗಿತ್ತು. ಅವಳು ಅದನ್ನು ನೋಡಿದಳು, ನೋಡಿಯೂ ಯೋಚಿಸಲಿಲ್ಲ.

"ಚಾಲಕರು ಕಣ್ಣು ಮುಚ್ಚಿದ್ದಕ್ಕೇ ನಮ್ಮಮ್ಮ ಸತ್ತಿದ್ದು ಅಂತ ಹೇಳ್ತಿದೀನಿ. ಅದನ್ನ ಕೇಳ್ತಾನೂ ನಿದ್ದೆ ಹೊಡೀತೀರಲ್ಲ, ನೀವು ಮನುಷ್ಯರಾ? ನಿದ್ದೆ ಮಾಡ್ತಿದ್ರಾ ಇಲ್ವಾ? ಹೇಳ್ರೀ!"

ಅವನು ಬಲಗೈ ಎದೆಗೆ ಇಟ್ಟುಕೊಂಡು ಸ್ವಲ್ಪ ಬಾಗಿದ, ಅಷ್ಟೆ.

"ಮೇಡಂ, ಅವನು ಮೌನಿ," ಎಂದ ಹಿಂದಿನ ಬೆಂಚಿನ ಹಿರಿಯ ಚಾಲಕ. ಆ ಹಿರಿಯನನ್ನು ಡಿಪೋದವರೆಲ್ಲ ಮಾವ ಎನ್ನುತ್ತಿದ್ದರು. "ಹಾರ್ನ್ ಹೊಡೆಯೋಕೂ ನಾಚ್ಕೋತಾನೆ!"

ಕೋಣೆ ಗೊಳ್ಳೆಂದು ನಕ್ಕಿತು. ಆ ನಗು ಅವಳಿಗೆ ಉರಿವ ಬೆಂಕಿಗೆ ಎಣ್ಣೆ ಸುರಿದಂತಾಯಿತು.

"ಹೊರಗೆ ನಡೀರಿ!"

ಅವನು ನಡೆದ. ಬಾಗಿಲ ಬಳಿ ತಿರುಗಿ, ಮತ್ತೊಮ್ಮೆ ಎದೆಯ ಮೇಲೆ ಕೈಯಿಟ್ಟ.

'ಎಷ್ಟು ಕೊಬ್ಬು!' ಎಂದುಕೊಂಡಳು ಅವಳು. ಚಾಲಕರು ಅವಳಿಗೆ ಕಿಡಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮಧ್ಯಾಹ್ನದ ಚಹಾ ತಣ್ಣಗಾಗುವುದರೊಳಗೆ ವರದಿ ಮ್ಯಾನೇಜರರ ಮೇಜಿನ ಮೇಲಿತ್ತು. 'ಸುರಕ್ಷತಾ ತರಗತಿಯಲ್ಲಿ ನಿದ್ರಿಸಿದ್ದಾರೆ. ಬಸ್ ಓಡಿಸಲು ಯೋಗ್ಯರಲ್ಲ.'

ಮರುದಿನವೇ ಮೌನಿಯ ಕೈಯಿಂದ ಸ್ಟೀರಿಂಗ್ ಹೋಯಿತು. ವಿಚಾರಣೆಗೆ ಎರಡು ವಾರ. ಅಲ್ಲಿಯವರೆಗೆ ಬಸ್ ತೊಳೆಯುವ ಕೆಲಸ. ವಿಚಾರಣೆಯಲ್ಲಿ ತಪ್ಪು ಎಂದಾದರೆ ಇನ್ನೆಂದಿಗೂ ಅವನು ಚಾಲಕನಾಗುವಂತಿಲ್ಲ.

*

ತರಬೇತಿ ಕೋಣೆಗೆ ಹೋಗುವ ದಾರಿ ಬಸ್ ತೊಳೆಯುವ ಕಟ್ಟೆಯ ಪಕ್ಕದಲ್ಲೇ. ದಿನಾ ಅವನು ಕಾಣುತ್ತಿದ್ದ. ಪ್ಯಾಂಟು ಮೊಣಕಾಲಿಗೆ ಮಡಚಿ, ಪೈಪು ಹಿಡಿದು, ಒಂಬತ್ತು ವರ್ಷ ತಾನೇ ಓಡಿಸಿದ ಬಸ್ಸಿನ ಚಕ್ರ ಉಜ್ಜುತ್ತಿದ್ದ. ಅವಳತ್ತ ತಿರುಗಿಯೂ ನೋಡುತ್ತಿರಲಿಲ್ಲ.

ನೋಡದೇ ಇರುವುದೂ ಅವಳಿಗೆ ಸಿಟ್ಟು ತರಿಸಿತು! ನಾಲ್ಕನೆಯ ದಿನ ಅವಳೇ ನಿಂತಳು.

"ಕ್ಷಮೆ ಕೇಳಿದ್ರೆ ಮುಗೀತಿತ್ತು. ಅಷ್ಟೊಂದು ದೊಡ್ಡವರಾಗಿಬಿಟ್ರಾ?"

ಅವನು ಪೈಪು ಕೆಳಗಿಟ್ಟ.

"ಮಾಡಿದ ತಪ್ಪಿಗೆ ಕ್ಷಮೆ ಕೇಳ್ಬೇಕು, ಮೇಡಂ. ನಾನು ನಿದ್ದೆ ಮಾಡಿಲ್ಲ."

ಅವನ ಸ್ವರವನ್ನು ಅವಳು ಕೇಳಿದ್ದು ಅದೇ ಮೊದಲು. ತಗ್ಗಿದ, ದಪ್ಪ ಸ್ವರ. ಒಳಗೆ ಕೋಪ ಕುದಿಯುತ್ತಿತ್ತು.

"ಕಣ್ಣು ಮುಚ್ಚಿತ್ತು!"

"ಮುಚ್ಚಿತ್ತು."

"ಮತ್ತೆ?"

"ಮತ್ತೇನಿಲ್ಲ."

"ಕಾರಣ ಹೇಳ್ರೀ ಅಂದ್ರೆ..."

"ಹೇಳಲ್ಲ! ವರದಿ ಬರೆಯೋ ಮೊದಲು ಕೇಳಿದ್ರೆ ಹೇಳ್ತಿದ್ದೆ. ಬರೆದಾದ ಮೇಲೆ ಹೇಳಿದ್ರೆ ಅದು ಕೆಲಸ ಉಳಿಸ್ಕೊಳ್ಳೋಕೆ ಆಡಿದ ಮಾತಾಗುತ್ತೆ. ಗೌರವ ಕೊಟ್ಟೆ ಅನ್ನೋದಕ್ಕೂ ಸಾಕ್ಷಿ ತರ್ಬೇಕಾ ನಾನು?"

'ಗೌರವವಂತೆ!' ಅವಳು ಹಲ್ಲು ಕಚ್ಚಿ ತಿರುಗಿದಳು. ಹಿಂದಿನಿಂದ ಅವನ ಮಾತು ಬಂತು.

"ಚಪ್ಪಲಿ ಬಣ್ಣ."

ಅವಳ ಹೆಜ್ಜೆ ನಿಂತಿತು.

"ಹೋದ ಸಲ ನೀಲಿ ಅಂದಿದ್ರಿ. ಅದರ ಹಿಂದಿನ ಸಲಾನೂ ನೀಲಿ. ಆವತ್ತು ಬಣ್ಣ ಹೇಳೋ ಮೊದಲೇ ಕೂಗಿಬಿಟ್ರಿ. ನಾನು... ಕಾಯ್ತಾ ಇದ್ದೆ."

ಪೈಪಿನಿಂದ ನೀರು ಹರಿದು ಅವಳ ಪಾದ ತೋಯಿಸುತ್ತಿತ್ತು. ಅವಳಿಗೆ ಅರಿವಿರಲಿಲ್ಲ. ನಿದ್ದೆಯಲ್ಲಿದ್ದವನಿಗೆ ಇದು ಹೇಗೆ ಗೊತ್ತು? ಯಾರೋ ಹೇಳಿಕೊಟ್ಟಿರಬೇಕು... ಮಾವನೇ ಹೇಳಿಕೊಟ್ಟಿರಬೇಕು! ಹಾಗೆಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಒಪ್ಪಲಿಲ್ಲ.

*

ವಿಚಾರಣೆಗೆ ಮೂರು ದಿನ ಇರುವಾಗ ಡಿಪೋದ ಗೇಟಿನಲ್ಲಿ ಹೆಂಗಸೊಬ್ಬಳು ಅವಳನ್ನು ಅಡ್ಡಗಟ್ಟಿದಳು. ಕೊರಳಲ್ಲಿ ಅಳತೆ ಟೇಪು. ತುದಿಬೆರಳುಗಳ ಮೇಲೆಲ್ಲ ಸೂಜಿ ಚುಚ್ಚಿದ ಗುರುತು.

"ನೀನೇನಾ ಆ ಕಿಡಿ?"

"ಯಾರು ನೀವು?"

"ಅವನ ಅಕ್ಕ. ಬಟ್ಟೆ ಹೊಲೀತೀನಿ. ಬಾಯಿ ಹೊಲಿಯೋಕೂ ಬರುತ್ತೆ! ನೀನು ನನ್ನ ತಂಗಿ ಆಗಿದ್ರೆ ಇಷ್ಟೊತ್ತಿಗೆ ಕಿವಿ ಹಿಂಡಿರ್ತಿದ್ದೆ."

"ನೋಡಿ ಅಕ್ಕಾ, ನಿಮ್ಮ ತಮ್ಮ ತರಗತೀಲಿ ನಿದ್ದೆ..."

"ನಡಿ ನನ್ನ ಜೊತೆ. ನಿನ್ನ ಕಣ್ಣಾರೆ ನೋಡು. ಆಮೇಲೆ ಬೇಕಾದ್ರೆ ಇನ್ನೊಂದು ವರದಿ ಬರೀ!"

ಹೋಗಬಾರದು ಎಂದುಕೊಂಡೇ ಅವಳು ಹೋದಳು. ಆ ನೀಲಿ ಬಣ್ಣ ಒಂದು ವಾರದಿಂದ ಅವಳನ್ನು ಸರಿಯಾಗಿ ಉಣ್ಣಲು ಬಿಟ್ಟಿರಲಿಲ್ಲ.

ಮಾರುಕಟ್ಟೆಯ ಹಿಂದೆ, ಗೋದಾಮಿನ ಮೇಲಿನ ಉದ್ದನೆಯ ಕೋಣೆ. ಗುಡ್ಡದಾಚೆಯ ಸೀಮೆಯಿಂದ ಬಂದು ಈ ಊರಿನಲ್ಲಿ ನೆಲೆಸಿದವರು ವಾರಕ್ಕೊಮ್ಮೆ ಅಲ್ಲಿ ಸೇರುತ್ತಿದ್ದರು. ಡಿಪೋದಲ್ಲಿ ಆ ಸೀಮೆಯವನು ಮೌನಿ ಒಬ್ಬನೇ. ಹಾಗಾಗಿ ಇದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎದುರಿಗೆ ಒಬ್ಬ ಮುದುಕಿ ನಿಂತು ಪದ್ಯ ಹೇಳುತ್ತಿದ್ದಳು. ಹಲ್ಲಿಲ್ಲದ ಬಾಯಿ. ಆದರೂ ಒಂದೊಂದು ಸಾಲೂ ತುಂಬಿದ ಕೊಡವನ್ನು ಮೆಲ್ಲಗೆ ಇಳಿಸಿದಂತೆ ಬಂದು ನಿಲ್ಲುತ್ತಿತ್ತು.

ಮತ್ತು ಕೇಳುತ್ತಿದ್ದವರು... ದೇವರೇ!

ಅರುವತ್ತು ಎಪ್ಪತ್ತು ಜನ. ಎಲ್ಲರ ಕಣ್ಣೂ ಮುಚ್ಚಿತ್ತು. ಎಲ್ಲರ ತಲೆಯೂ ಬಾಗಿತ್ತು. ಎಲ್ಲರ ಕೈಗಳೂ ತೊಡೆಯ ಮೇಲೆ ಅಂಗಾತ.

ಒಂದು ಪುಟ್ಟ ಹುಡುಗಿ ಒಂದೇ ಕಣ್ಣು ತೆರೆದು ಅವಳನ್ನು ನೋಡಿದಳು. ತಾಯಿ ಮೆಲ್ಲಗೆ ಆ ಕಣ್ಣಿನ ಮೇಲೆ ಅಂಗೈ ಇಟ್ಟಳು. "ದೊಡ್ಡೋರು ಮಾತಾಡ್ತಿದಾರೆ. ಮುಚ್ಕೋ."

ಅಕ್ಕ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು. "ಕಣ್ಣು ಬಿಟ್ಟು ಕೂತ್ರೆ ಮಾತಾಡೋರ ಮೂಗು ನೋಡ್ತೀವಿ, ಬಟ್ಟೆ ನೋಡ್ತೀವಿ, ಗೋಡೆ ಮೇಲಿನ ಹಲ್ಲಿ ನೋಡ್ತೀವಿ. ಮಾತು ಎಲ್ಲಿಂದ ಕೇಳುತ್ತೆ? ಚಿಕ್ಕಪುಟ್ಟ ಮಾತಿಗೆ ನಾವು ಕಣ್ಣು ಮುಚ್ಚಲ್ಲ ತಾಯಿ. ದೊಡ್ಡ ಮಾತಿಗೆ ಮಾತ್ರ."

"ಮತ್ತೆ... ಕೇಳಿದಾಗ ಯಾಕೆ ಉತ್ತರ ಕೊಡಲಿಲ್ಲ?"

"ಹೇಳೋರು ಕೂತ ಮೇಲೇ ಕೇಳೋರು ಬಾಯಿ ತೆರೆಯೋದು. ನೀನು ಆವತ್ತು ಕೂತ್ಯಾ?"

ಅವಳು ಕೂತಿರಲಿಲ್ಲ.

ಮೂರನೆಯ ಸಾಲಿನಲ್ಲಿ ಅವನಿದ್ದ. ಆ ದಿನ ತರಗತಿಯಲ್ಲಿ ಕಂಡ ಅದೇ ಮುಖ, ಅದೇ ಬಾಗಿದ ಕೊರಳು. ಎಲ್ಲರ ಕಣ್ಣೂ ಮುಚ್ಚಿದ್ದ ಆ ಕೋಣೆಯಲ್ಲಿ ಅವಳು ಎಷ್ಟು ಹೊತ್ತು ಬೇಕಾದರೂ ಅವನನ್ನು ನೋಡಬಹುದಿತ್ತು. ನೋಡಿದಳು. ಮುಚ್ಚಿದ ರೆಪ್ಪೆಯ ಅಂಚಿನಿಂದ ಒಂದು ಹನಿ ಇಳಿದು ಗದ್ದದವರೆಗೆ ಬಂತು. ಅವನು ಒರೆಸಿಕೊಳ್ಳಲಿಲ್ಲ.

'ನನ್ನ ಅಮ್ಮನಿಗೂ ಹೀಗೇ ಅತ್ತಿದ್ದ. ನಾನು ಡಸ್ಟರ್ ಎಸೆದೆ.'

ಇಷ್ಟು ದಿನ ಅವನ ಮೇಲಿದ್ದ ಸಿಟ್ಟು ಹಾಗೇ ತಿರುಗಿ ಅವಳ ಎದೆಗೇ ನಾಟಿತು.

ಪದ್ಯ ಮುಗಿಯಿತು. ಚಪ್ಪಾಳೆಯಿಲ್ಲ, ಭೇಷ್ ಇಲ್ಲ. ಮುದುಕಿ ಕೂತಳು. ಆಮೇಲೆ ಮೆಲ್ಲಗೆ ಒಬ್ಬೊಬ್ಬರೇ ಕಣ್ಣು ತೆರೆದರು. ಅವನು ಕಣ್ಣು ತೆರೆಯುವ ಮೊದಲೇ ಅವಳು ಮೆಟ್ಟಿಲಿಳಿದು ಓಡಿದ್ದಳು.

*

ವಿಚಾರಣೆಯ ದಿನ ಮ್ಯಾನೇಜರರ ಕೋಣೆಯಲ್ಲಿ, ಮೌನಿಯ ಎದುರಿಗೆ ಕೂತು ಅವಳು ಹಾಜರಿ ಪುಸ್ತಕ ಬಿಡಿಸಿಟ್ಟಳು.

"ಸರ್, ನನ್ನ ವರದಿ ತಪ್ಪು. ಅವರು ಕೇಳ್ತಿದ್ರು. ಆ ನಲವತ್ತು ಜನರಲ್ಲಿ ನಿಜವಾಗಿ ಕೇಳಿದ್ದು ಅವರೊಬ್ಬರೇ."

ಮ್ಯಾನೇಜರರ ಹುಬ್ಬು ಗಂಟಿಕ್ಕಿತು. "ಏನಮ್ಮಾ ಇದು ಮಕ್ಕಳಾಟ? ಬರೆದದ್ದೂ ನೀವೇ, ಅಳಿಸೋದೂ ನೀವೇನಾ? ಒಬ್ಬ ಚಾಲಕನ ಅನ್ನ ಅದು!"

"ಗೊತ್ತು ಸರ್. ಶಿಕ್ಷೆ ನನಗೆ ಕೊಡಿ. ಇದನ್ನ ನೋಡಿ. ವರ್ಷಕ್ಕೆ ಒಂದು ಸಲ ಈ ತರಗತಿಗೆ ಬಂದ್ರೆ ಸಾಕು. ಇವರು ಪಾಳಿ ಬದಲಾಯಿಸ್ಕೊಂಡು ಮೂರು ಸಲ ಬಂದಿದಾರೆ. ಎರಡು ಸಲ ಹಿಂದಿನ ಬೆಂಚಲ್ಲಿ ಕೂತಿದ್ರಂತೆ, ನನಗೆ ಕಾಣಲಿಲ್ಲ."

"ಅಲ್ಲಯ್ಯಾ, ಮೂರು ಸಲ ಯಾಕೆ?"

ಮೌನಿಯ ಕಿವಿ ಕೆಂಪಾಯಿತು.

"ಸರಿ, ಆವತ್ತು ಆಗಿದ್ದನ್ನಾದ್ರೂ ಹೇಳು."

ಅವನು ಎದ್ದು ನಿಂತ. ಮಾತು ಶುರುಮಾಡಿದ. ಎರಡು ವಾಕ್ಯ ಆಗುವಷ್ಟರಲ್ಲಿ ಅವನ ಕಣ್ಣು ಅವಳತ್ತ ಹೋಯಿತು.

ಅವಳು ಕಣ್ಣು ಮುಚ್ಚಿದ್ದಳು. ತಲೆ ಬಾಗಿಸಿದ್ದಳು. ಕೈಗಳು ತೊಡೆಯ ಮೇಲೆ ಅಂಗಾತ.

"ಅಣಕಿಸ್ತಿದೀರಾ?" ಅವನ ಸ್ವರ ಸಿಡಿಯಿತು. ಅವನು ಕೂಗಿದ್ದನ್ನು ಅಲ್ಲಿದ್ದ ಯಾರೂ ಈವರೆಗೆ ಕೇಳಿರಲಿಲ್ಲ! "ಕೆಲಸ ಕಿತ್ಕೊಂಡಿದ್ದು ಸಾಲಲಿಲ್ವಾ? ನಮ್ಮ ಜನರ ನಡತೇನೂ ಆಟ ಆಯ್ತಾ ನಿಮಗೆ?"

ಅವಳು ಬಾಯಿ ತೆರೆಯಲಿಲ್ಲ. ಅವನು ಇನ್ನೂ ನಿಂತಿದ್ದ.

"ಹೇಳ್ರೀ!"

ತುಟಿ ಕಚ್ಚಿಕೊಂಡಳು. ಮುಚ್ಚಿದ ರೆಪ್ಪೆಯಿಂದ ಒಂದು ಹನಿ ಇಳಿಯಿತು. ಗದ್ದದವರೆಗೆ ಬಂತು. ಅವಳು ಒರೆಸಿಕೊಳ್ಳಲಿಲ್ಲ.

ಅವನು ನೋಡಿದ. ಕುರ್ಚಿಗೆ ಕುಸಿದ. ಕುರ್ಚಿ ಕಿರ್ರೆಂದಿತು.

ಆಗ ಅವಳು ಕಣ್ಣು ತೆರೆದಳು. "ಈಗ ನೀವು ಕೂತ್ರಿ, ಹೇಳ್ತೀನಿ. ಅಣಕ ಅಲ್ಲ. ನಿಮ್ಮ ಅಕ್ಕ ಕರ್ಕೊಂಡು ಹೋಗಿ ತೋರಿಸಿದ್ರು. ತಡವಾಗಿ ಕಲಿತೆ."

ಮ್ಯಾನೇಜರರು ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿ, ಕನ್ನಡಕ ಒರೆಸಿಕೊಂಡರು. "ನಾಳೆಯಿಂದ ನಿನ್ನ ಬಸ್ಸು ನಿನಗೆ. ಅಮ್ಮಾ, ನಿಮಗೊಂದು ಎಚ್ಚರಿಕೆ ಪತ್ರ ಬರುತ್ತೆ. ಹೊರಡಿ ಇಬ್ಬರೂ. ನನ್ನ ತಲೆ ಸುತ್ತುತ್ತಿದೆ."

*

ಬಸ್ ತೊಳೆಯುವ ಕಟ್ಟೆಯ ಹತ್ತಿರ ಅವನು ಮುಂದೆ, ಅವಳು ಹಿಂದೆ. ಇನ್ನೂ ಒದ್ದೆಯಾಗಿದ್ದ ಅವನ ಬಸ್ಸು ಬಿಸಿಲಿಗೆ ಹೊಳೆಯುತ್ತಿತ್ತು.

"ನನಗಿನ್ನೂ ಕೋಪ ಇದೆ," ಎಂದ, ತಿರುಗದೆ.

"ಇರಲಿ. ನನಗೂ ಇದೆ."

"ನಿಮಗ್ಯಾಕೆ?"

"ಮೂರು ಸಲ ಯಾಕೆ ಬಂದ್ರಿ ಅಂತ ಇನ್ನೂ ಹೇಳಿಲ್ಲ!"

ಅವನು ಸುಮಾರು ಹೊತ್ತು ಬಸ್ಸಿನ ಕನ್ನಡಿಯನ್ನು ಅಂಗಿಯ ತೋಳಿನಿಂದ ಉಜ್ಜಿದ. ಕನ್ನಡಿ ಆಗಲೇ ಸ್ವಚ್ಛವಾಗಿತ್ತು.

"ಮೊದಲ ಸಲ ಡ್ಯೂಟಿಗೆ. ಎರಡನೇ ಸಲ ನಿಮ್ಮ ತಾಯಿಗೋಸ್ಕರ. ಮೂರನೇ ಸಲ..." ಕನ್ನಡಿಯನ್ನೇ ನೋಡುತ್ತಾ ಹೇಳಿದ. "ಸ್ಟೀರಿಂಗ್ ಹಿಡಿದಾಗಲೆಲ್ಲ ನಿಮ್ಮ ಧ್ವನಿ ಕೇಳಿಸುತ್ತೆ, ಮೇಡಂ. ಒಂದು ವರ್ಷದಿಂದ ನನಗೆ ಒಂದು ಆಕಳಿಕೇನೂ ಬಂದಿಲ್ಲ. ಆ ಧ್ವನೀನ ಹತ್ತಿರದಿಂದ ಕೇಳ್ಬೇಕು ಅನ್ನಿಸ್ತು. ಮುಂದಿನ ಬೆಂಚಿಗೆ ಬಂದೆ. ಡಸ್ಟರ್ ಬಿತ್ತು."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಬಸ್ಸಿನ ಮೆಟ್ಟಿಲ ಮೇಲೆ ಕುಳಿತಳು.

"ಆವತ್ತಿನ ಕಥೆ ಅರ್ಧ ಉಳಿದಿದೆ. ಹೇಳಲಾ?"

ಅವನು ಎದುರಿಗೆ ಬಕೆಟ್ ಬೋರಲು ಹಾಕಿ ಕೂತ. ಕಣ್ಣು ಮುಚ್ಚಿದ.

"ಊಹೂಂ! ನಮ್ಮನೇಲಿ ಹಾಗಲ್ಲ. ನಮ್ಮಮ್ಮ ಕಥೆ ಹೇಳೋವಾಗ ನಾನು ಅವಳ ಮುಖ ನೋಡ್ತಾ ಮಾತುಮಾತಿಗೂ ಹೂಂಗುಡಬೇಕಿತ್ತು. ಹೂಂ ನಿಂತ್ರೆ ಕಥೆ ನಿಲ್ಲಿಸಿಬಿಡೋಳು. ಕಣ್ಣು ಬಿಡಿ."

ಅವನು ಕಷ್ಟಪಟ್ಟು ಕಣ್ಣು ತೆರೆದ. ದೊಡ್ಡ ಮಾತು ಹೇಳುವವರ ಮುಖವನ್ನು ಹೀಗೆ ನೇರ ನೋಡಿದ್ದು ಅವನ ಜನ್ಮದಲ್ಲೇ ಮೊದಲು. ಅವಳ ಮೂಗಿನ ಮೇಲೆ ಒಂದು ಸಣ್ಣ ಮಚ್ಚೆ ಇರುವುದು ಅವನಿಗೆ ಆಗಲೇ ಗೊತ್ತಾದದ್ದು.

"ಚೀಲದಲ್ಲಿ ಚಪ್ಪಲಿ ಇತ್ತು."

"ಹೂಂ."

"ನೀಲಿ ಬಣ್ಣದ್ದು."

"ಹೂಂ..."

"ನನ್ನ ಕಾಲಿಗೆ ಒಂದು ಅಳತೆ ದೊಡ್ಡದು. ಬೆಳೆಯೋ ಮಗು ಅಂತ ಅಮ್ಮ ದೊಡ್ಡದೇ ತಂದಿದ್ಲು. ಇದನ್ನ ತರಗತೀಲಿ ಯಾವತ್ತೂ ಹೇಳಿಲ್ಲ."

"ಹೂಂ."

"ಆ ಮಗು ಬೆಳೀತು. ಕೋಪಿಷ್ಠೆ ಆಯ್ತು. ಒಬ್ಬ ಒಳ್ಳೆಯವನ ಮೇಲೆ ಡಸ್ಟರ್ ಎಸೀತು..."

"ಹೂಂ!"

"ಅದಕ್ಕೆ ಮಾತ್ರ ಎಷ್ಟು ಜೋರಾಗಿ ಹೂಂಗುಡ್ತೀರ!" ಅವಳು ಸಿಡುಕಿ ಎದ್ದು ನಿಂತಳು. ಕೆನ್ನೆ ಕೆಂಪಾಗಿತ್ತು. ನಿಂತಲ್ಲೇ, ಒಂದೇ ಉಸಿರಿಗೆ ಹೇಳಿಬಿಟ್ಟಳು. "ಈಗ ಆ ಕೋಪಿಷ್ಠೆಗೆ ಅವನನ್ನೇ ಮದುವೆ ಆಗ್ಬೇಕು ಅನ್ನಿಸಿದೆ."

ಹೂಂ ಬರಲಿಲ್ಲ.

ನೋಡಿದರೆ ಅವನು ಕಣ್ಣು ಮುಚ್ಚಿದ್ದ. ತಲೆ ಬಾಗಿತ್ತು. ಕೈಗಳೆರಡೂ ತೊಡೆಯ ಮೇಲೆ ಅಂಗಾತ.

"ಅಯ್ಯೋ, ಮತ್ತೆ ಮುಚ್ಚಿದ್ರಾ! ಏನಾದ್ರೂ ಹೇಳ್ರೀ..."

ಅವನು ಅಂಗಾತವಾಗಿದ್ದ ಕೈಯೊಂದನ್ನು ಎತ್ತಿ, ಕಣ್ಣು ತೆರೆಯದೆಯೇ, ಮೆಟ್ಟಿಲನ್ನು ತೋರಿಸಿದ.

ಅವಳಿಗೆ ಅರ್ಥವಾಯಿತು. ಮೆಲ್ಲಗೆ ಕೂತಳು.

"ಕೂತೆ," ಎಂದಳು.

"ಹೂಂ," ಎಂದ ಅವನು.