ದೇವರ ದನ ಇಳಿದ ದಿನ ವಯರಿಗೆ ಕೇಳಿಸಿದ್ದು

"ಏಯ್! ಯಾರದು ನನ್ನ ತೋಟದ ಬದೀಲಿ ಗುಂಡಿ ತೋಡೋದು?"

ತಮಿಳರಸಿ ದ್ರಾಕ್ಷಿ ಚಪ್ಪರದಡಿಯಿಂದ ಬಗ್ಗಿ ಓಡಿಬಂದಳು. ಕೈಯಲ್ಲಿ ಗೊನೆ ಕತ್ತರಿಸುವ ಕತ್ತರಿ!

ಬೇಲಿಯಾಚೆಯ ದನದ ದಾರಿಯಲ್ಲಿ ಒಬ್ಬ ಉದ್ದನೆಯ ಯುವಕ ಮಂಡಿಯೂರಿ ಕೂತಿದ್ದ. ಕಿರುಬೆರಳ ದಪ್ಪದ ಕರಿ ವಯರನ್ನು ಸಣ್ಣ ಕಾಲುವೆಯೊಳಗೆ ಮೆಲ್ಲಗೆ ಮಲಗಿಸುತ್ತಿದ್ದ. ಪಂಚಾಯಿತಿಯವರ ಒಪ್ಪಿಗೆ ಇದೆ, ನಿಮ್ಮ ತೋಟ ಮುಟ್ಟಿಲ್ಲ ಎಂದು ತಮಿಳಿನಲ್ಲಿ ಸಮಾಧಾನ ಹೇಳಿದ.

ಇವಳಿಗೆ ಹೆಸರು ತಮಿಳರಸಿ ಆದರೇನು, ಬೈಗುಳವೆಲ್ಲ ಮನೆಮಾತಿನ ಕನ್ನಡದಲ್ಲೇ! ತಮಿಳುನಾಡಿನ ಕಂಬಂ ಕಡೆಯ ನಮ್ಮ ಕನ್ನಡ ಜನವೇ ಹಾಗೆ. ಸಂತೆಗೆ ತಮಿಳು, ಸಿಟ್ಟಿಗೆ ಕನ್ನಡ.

"ಕಣ್ಣು ನೋಡಿದ್ರೆ ಹಸುಗೂಸು, ಕೆಲಸ ನೋಡಿದ್ರೆ ಹೆಗ್ಗಣ!" ಎಂದು ಗೊಣಗಿದಳು.

ಅವನು ತಲೆ ಎತ್ತಿದ. ತುಟಿಯಂಚಿನಲ್ಲಿ ನಗು.

"ಹೆಗ್ಗಣ ಅಲ್ಲ... ನಾನೂ ನಮ್ ಜನವೇ. ಊರು ಬತ್ತಲಗುಂಡು. ಕನ್ನಡ ಚೆನ್ನಾಗಿ ತಿಳೀತದೆ. ಮಾತಾಡಾಕೆ ಕೊಂಚ ಕಷ್ಟ."

ಅಯ್ಯೋ ದೇವರೇ... ಕಣ್ಣಿನ ಮಾತೂ ಕೇಳಿಸಿತಾ?

ತಮಿಳರಸಿಯ ಕಿವಿ ಬಿಸಿಯಾಯಿತು.

ಅವನ ಹೆಸರು ವಿಘ್ನೇಶ್ವರನ್. ಚೆನ್ನೈನಲ್ಲಿ ಭೂಮಿಯ ಒಳಗನ್ನು ಓದುವ ಕೆಲಸ. ಆ ವಯರಿನೊಳಗೆ ಕೂದಲಿಗಿಂತ ಚೂರೇ ದಪ್ಪದ ಗಾಜಿನ ಎಳೆ ಇದೆಯಂತೆ. ಅದರೊಳಗೆ ಬೆಳಕು ಬಿಟ್ಟರೆ, ಭೂಮಿ ಎಲ್ಲಿ ನಡುಗಿತು, ಎಷ್ಟು ನಡುಗಿತು ಎಂದು ಹಿಂತಿರುಗುವ ಬೆಳಕೇ ಹೇಳುತ್ತದಂತೆ!

"ಸುಳ್ಳು!"

"ಆ ತುದೀಗೆ ಹೋಗಿ ನಿಧಾನ ನಡೀರಿ. ಆಮೇಲೆ ಹೇಳಿ."

ಅವಳು ಹೋಗಿ ನಡೆದಳು. ಬೇಕೆಂದೇ ಮಧ್ಯೆ ಎರಡು ಸಲ ಕುಣಿದಳು. ತಿರುಗಿ ಬಂದಾಗ ಅವನ ಕಂಪ್ಯೂಟರಿನಲ್ಲಿ ಅವಳ ಹೆಜ್ಜೆಗಳೆಲ್ಲ ಸಾಲಾಗಿ ಮೂಡಿದ್ದವು. ಕುಣಿದ ಜಾಗವೂ ಸೇರಿ!

"ನಾನ್ ನಡೆದದ್ದು ಭೂಮಿಗೆ ತಿಳೀತದಾ?" ಅವಳ ದನಿ ಇಳಿದಿತ್ತು. ಇಷ್ಟು ವರ್ಷ ತುಳಿದ ಮಣ್ಣು ತನ್ನನ್ನು ಕೇಳಿಸಿಕೊಳ್ಳುತ್ತಲೇ ಇತ್ತಾ?

"ಎಲ್ಲಾರದೂ ತಿಳೀತದೆ. ಆದ್ರೆ ನಿಮ್ ಹೆಜ್ಜೆ... ನನಗೂ ಗುರುತು ಸಿಕ್ತು."

ಅಲ್ಲಿಂದ ಶುರುವಾಯಿತು ನೋಡಿ! ಅವನಿಗೆ ನೀರು ಕೊಡಲು ಒಂದು ಸಲ, ತೋಟದ ಕಪ್ಪು ಪನ್ನೀರ್ ದ್ರಾಕ್ಷಿ ಕೊಡಲು ಇನ್ನೊಂದು ಸಲ. ತಾಯಿ ಚಿನ್ನತಾಯಿ ತಿನ್ನಲು ಪಣಿಯಾರ ಕಟ್ಟಿಕೊಟ್ಟು, "ಆ ಹುಡುಗ ಯಾವ ಕುಲ ಅಂತ ಕೇಳಿಕೊಂಡು ಬಾರೇ" ಎಂದಳು. ಒಂದೇ ಕುಲದವರಾದರೆ ಅಣ್ಣತಂಗಿಯರು, ಬೇರೆ ಕುಲವಾದರೆ ಮದುವೆಗೆ ಅಡ್ಡಿಯಿಲ್ಲ. ಕೇಳಲು ತಮಿಳರಸಿಗೆ ಹೆದರಿಕೆ. ಒಂದೇ ಕುಲ ಅಂದುಬಿಟ್ಟರೆ?

"ಭೂಮಿ ನಡುಗೋದನ್ನ ಕೇಳಿ ಏನ್ ಮಾಡ್ತೀರಿ?" ಎಂದು ಒಮ್ಮೆ ಕೇಳಿದಳು.

"ಭೂಕಂಪ... ಅಂಥದ್ದಕ್ಕೆ," ಎಂದು ಅವನು ಮುಖ ತಿರುಗಿಸಿದ.

ಆ ವಾರವೇ ದ್ರಾಕ್ಷಿ ಕೊಳ್ಳುವ ಜೆಯರಾಜ್ ಬಂದು ಬಾಂಬು ಹಾಕಿದ.

"ಅದು ಗ್ಯಾಸಿಗೆ ಬಂದ ವಯರಮ್ಮಾ! ವಯರು ಹಾಕೋರ ಡ್ರೈವರೇ ಟೀ ಅಂಗಡಿಯಲ್ಲಿ ಹೇಳಿದ. ಇವತ್ತು ವಯರು, ನಾಳೆ ನಿನ್ನ ತೋಟದಲ್ಲೇ ಬೋರು!"

ತಮಿಳರಸಿ ಒಂದೇ ಉಸಿರಿಗೆ ಓಡಿದಳು.

"ಇದು ಗ್ಯಾಸಿಗಾ? ಹೌದಾ, ಇಲ್ವಾ?"

ವಿಘ್ನೇಶ್ವರನ್ ಮುಖ ಬಿಳಿಚಿತು. "ಹೌದು... ಆದ್ರೆ..."

"ಭೂಕಂಪ ಅಂದ್ರಿ!"

"ಗ್ಯಾಸ್ ಅಂದ್ರೆ ಹೆದರ್ತೀರಿ ಅಂತ..."

"ಹೆದರ್ತೀನಿ ಅಂತ ಸುಳ್ಳು ಹೇಳಿದ್ರಾ? ನಾನ್ ನಿಮ್ಮನ್ನ ನಂಬಿದ್ದೆ!" ಚಪ್ಪರದ ಕಡೆ ಕೈ ತೋರಿದಳು. "ಈ ಬಳ್ಳಿ ನಮ್ಮಪ್ಪ ನೆಟ್ಟದ್ದು. ಅಪ್ಪ ಹೋದ್ಮೇಲೆ ನನಗಿರೋದು ಇದೊಂದೇ. ನಾಳೆ ದೇವರ ದನ ಇಳೀತವೆ. ಅವು ದಾಟಲಿ, ಆಮೇಲೆ ನಿಮ್ ವಯರನ್ನ ನಾನೇ ಕೀಳ್ತೀನಿ!"

ಚಪ್ಪರದಡಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತೋಟ ಹೋಗುತ್ತದೆಂಬ ಭಯಕ್ಕಿಂತ, ಸುಳ್ಳು ಹೇಳಿದ್ದು ಅವನೇ ಎಂಬ ನೋವೇ ಹೆಚ್ಚಾಗಿತ್ತು.

ದೇವರ ದನವೆಂದರೆ ನಮ್ಮ ಜನ ಒಟ್ಟಾಗಿ ಸಾಕುವ ಹಿಂಡು. ಅದು ಯಾರ ಸ್ವತ್ತೂ ಅಲ್ಲ. ಬೆಟ್ಟದಲ್ಲಿ ಮೇಯ್ದು ಹಿಂಡು ಊರಿಗೆ ಇಳಿಯುವ ದಿನ ತಮಿಳರಸಿಯ ಬೀದಿಯಲ್ಲಿ ಒಂದು ಕಟ್ಟುಪಾಡಿದೆ. ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಹಿಂಡು ದಾಟುವ ತನಕ ಕಬ್ಬಿಣ ಮಣ್ಣಿಗೆ ತಾಗಬಾರದು. ಗುದ್ದಲಿಯಿಲ್ಲ, ಹಾರೆಯಿಲ್ಲ. ಆ ದಿನ ಭೂಮಿ ಗೊರಸಿನ ಸದ್ದನ್ನು ಮಾತ್ರ ಕೇಳಬೇಕು.

ವಿಘ್ನೇಶ್ವರನಿಗೋ, ವಯರಿನ ಪರೀಕ್ಷೆಗೆ ಅದೇ ಕೊನೆಯ ದಿನ! ದೊಡ್ಡ ಸುತ್ತಿಗೆಯಿಂದ ನೆಲದ ಮೇಲಿನ ಕಬ್ಬಿಣದ ಹಲಗೆಗೆ ಬಡಿದು, ಆಳದಿಂದ ಮರಳುವ ಸದ್ದನ್ನು ಹಿಡಿಯಬೇಕು. ಆ ಪರೀಕ್ಷೆ ಆಗದಿದ್ದರೆ ವಯರು ಪಾಸಾಗುವುದಿಲ್ಲ, ಅವನ ವರ್ಷಗಳ ದುಡಿಮೆ ಮಣ್ಣುಪಾಲು. ಇದನ್ನು ಅವನೇ ಅವಳಿಗೆ ಹೇಳಿದ್ದ.

ಬಡಿದೇ ಬಡೀತಾನೆ. ಸುಳ್ಳು ಹೇಳಿದವನಿಗೆ ಕಟ್ಟು ಯಾವ ಲೆಕ್ಕ?

ಮರುದಿನ ಬೆಳಗಿನಿಂದ ಕಿವಿ ನಿಮಿರಿಸಿ ಕೂತಳು. ಸದ್ದಿಲ್ಲ. ಮಧ್ಯಾಹ್ನ ದಾಟಿತು. ಆಗಲೂ ಇಲ್ಲ! ತಡೆಯಲಾಗದೆ ತಾನೇ ಹೋದಳು.

ಅವನು ಬರಿಗಾಲಲ್ಲಿ ಕೂತಿದ್ದ. ಸುತ್ತಿಗೆಯನ್ನು ಬೇವಿನ ಕೊಂಬೆಗೆ ಕಟ್ಟಿ ತೂಗುಹಾಕಿದ್ದ. ಕಬ್ಬಿಣ ಮಣ್ಣಿಗೆ ತಾಗದ ಹಾಗೆ!

"ಯಾಕೆ... ಬಡೀಲಿಲ್ಲ?"

"ದೇವರ ಆವು ಇಳಿಯೋ ದಿನ ಅಲ್ವಾ? ನಮ್ಮವ್ವೆಯೂ ಈ ಕಟ್ಟು ಹೇಳೋಳು."

"ಮತ್ತೆ ನಿಮ್ ಪರೀಕ್ಷೆ?"

"ಹೋಯ್ತು." ನಗಲು ನೋಡಿದ, ಆಗಲಿಲ್ಲ. "ನಿಮಗೆ ಸುಳ್ಳು ಹೇಳಿದ್ದೇ ಸಾಕು. ನಿಮ್ ಮಣ್ಣಿಗೂ ತಪ್ಪು ಮಾಡಲಾ?"

ತಮಿಳರಸಿ ಅವನ ಪಕ್ಕದಲ್ಲೇ ಕೂತಳು.

ಅಷ್ಟರಲ್ಲಿ ಕಂಪ್ಯೂಟರಿನ ಒಂದು ಅಂಚಿನಲ್ಲಿ ಸಣ್ಣ ಗೆರೆ ಮೂಡಿತು. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತ ಗೆರೆಗಳ ಮೇಲೆ ಗೆರೆ!

"ಏನದು?"

ಅವನು ಎದ್ದು ನಿಂತ. "ಬರ್ತಾ ಇದ್ದಾವೆ..."

ಅವಳು ಬೆಟ್ಟದ ಕಡೆ ನೋಡಿದಳು. ದನವಿಲ್ಲ, ಧೂಳಿಲ್ಲ. ಕಣ್ಣಿಗೆ ಕಾಣುವ ಮೊದಲೇ ಮಣ್ಣಿಗೆ ತಿಳಿದಿತ್ತು! ತಮಿಳರಸಿಯ ಮೈ ಜುಮ್ಮೆಂದಿತು.

ಸ್ವಲ್ಪ ಹೊತ್ತಿಗೆ ಧೂಳೆದ್ದಿತು. ಮುಂದೆ ಅವಳ ಸೋದರಮಾವ ಕರುಪ್ಪಸಾಮಿ, ಹಿಂದೆ ಅರಿಸಿನ ಹಚ್ಚಿದ ಪಟ್ಟದ ಎತ್ತು, ಅದರ ಬೆನ್ನಿಗೆ ಇಡೀ ಹಿಂಡು. ಗೊರಸುಗಳು ಹೂತ ವಯರಿನ ಮೇಲೆಯೇ ದಾಟಿದವು. ಅಂಗಾಲಿನೊಳಗೆ ನೆಲ ಗುಡುಗಿತು. ಇಬ್ಬರೂ ಕೈಮುಗಿದು ನಿಂತರು.

ಹಿಂಡು ದಾಟಿದ ಮೇಲೆ ವಿಘ್ನೇಶ್ವರನ್ ಕಂಪ್ಯೂಟರಿನ ಮುಂದೆ ಕೂತವನು ಏಳಲೇ ಇಲ್ಲ. ಹೊತ್ತು ಇಳಿಯುವಾಗ ಕೂಗಿದ.

"ಅರಸೀ! ಬನ್ನಿ ಇಲ್ಲಿ!"

ಮೊದಲ ಸಲ ಹಾಗೆ ಕರೆದಿದ್ದ!

"ಸುತ್ತಿಗೆ ಮಾಡೋ ಕೆಲಸ ಗೊರಸು ಮಾಡಿಬಿಟ್ಟವು! ಇಲ್ಲಿ ನೋಡಿ, ನಿಮ್ ಬಳ್ಳಿ. ಅದರ ಕೆಳಗೆ ಈ ಅಗಲದ ತಗ್ಗು... ಒಳಗೆಲ್ಲ ಮರಳು. ಒಂದು ಕಾಲದಲ್ಲಿ ಇಲ್ಲಿ ಹೊಳೆ ಹರೀತಿತ್ತು!"

"ನನ್ ಕಾಲಡೀಲಿ... ಹೊಳೆಯಾ?" ಅವಳ ಕಣ್ಣಲ್ಲಿ ನೀರು. ಆಮೇಲೆ ಮೆಲ್ಲಗೆ ಕೇಳಿದಳು, "ಗ್ಯಾಸು?"

"ಇಲ್ಲಿಲ್ಲ. ನಾವು ಹುಡುಕೋ ಗ್ಯಾಸು ಈ ಮಣ್ಣಲ್ಲಿ ಇರೋಕೇ ಆಗಲ್ಲ. ಆಳ ಸಮುದ್ರದ ಅಡಿ, ಆ ಚಳಿ, ಆ ಭಾರದಲ್ಲಿ ಅದು ಮಂಜುಗಡ್ಡೆಯೊಳಗೆ ಸಿಕ್ಕೊಂಡು ಮಲಗಿರ್ತದೆ. ಕಡ್ಡಿ ಗೀರಿದ್ರೆ ಆ ಮಂಜು ಉರೀತದೆ!"

"ಮಂಜು ಉರೀತದಾ!"

"ನೀಲಿ ಬೆಂಕಿ. ಅದು ಎಲ್ಲಿದೆ, ಹೆಂಗಿದೆ ಅಂತ ಸಮುದ್ರದ ನೆಲ ಕೊರೀದೇ ಕೇಳಿ ತಿಳಿಯೋಕೆ ಈ ವಯರು. ಅಲ್ಲಿ ಇಳಿಸೋಕೆ ಮುಂಚೆ ಇಲ್ಲಿ ಪರೀಕ್ಷೆ, ಅಷ್ಟೇ. ಮೊದಲ ದಿನವೇ ಹೇಳಬೇಕಿತ್ತು. ತಪ್ಪು ನಂದು."

"ನಂದೂ. ಪೂರ್ತಿ ಕೇಳಲೇ ಇಲ್ಲ."

ಕೊಟ್ಟ ಮಾತಿನಂತೆ ವಯರನ್ನು ಅವಳೇ ಕಿತ್ತಳು. ಅವನು ಜೊತೆಗೆ ಸುತ್ತಿಕೊಂಡ. ಕೊನೆಯ ಸುತ್ತು ಸುತ್ತುವಾಗ ಇಬ್ಬರ ಕೈ ತಾಗಿತು. ಯಾರೂ ಹಿಂತೆಗೆಯಲಿಲ್ಲ.

"ನಮ್ಮವ್ವೆನ ಕೇಳ್ದೆ," ಎಂದ ಅವನು, ತಡವರಿಸುತ್ತ. "ನಿಮ್ ಕುಲ ಬೇರೆ... ನಮ್ ಕುಲ ಬೇರೆ."

ತಮಿಳರಸಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಅಯ್ಯೋ ಪಾಪಿ! ನಾನ್ ಹೆದರಿ ಸಾಯ್ತಿದ್ದೆ. ನೀವು ಆಗಲೇ ವಿಚಾರಿಸಿದ್ರಾ?"

"ಪಣಿಯಾರ ತಂದ ದಿನವೇ. ನಂಗೆ ನೀವು ಬೇಕು, ಅರಸೀ. ಸಮುದ್ರದಿಂದ ಬಂದಕೂಡ್ಲೇ ನಿಮ್ಮವ್ವೆನ ಕೇಳ್ತೀನಿ. ಕಾಯ್ತೀರಾ?"

"ಕಾಯ್ತೀನಿ."

"ಬಾಗಿಲ ಹತ್ರ ಒಂದು ತುಂಡು ವಯರು ಹೂತು ಹೋಗ್ಲಾ? ನಾನ್ ಬಂದಾಗ ತಿಳೀಲಿ..."

ಅವಳು ಅವನ ಧೂಳು ಮೆತ್ತಿದ ಬರಿಗಾಲನ್ನು ನೋಡಿದಳು.

"ವಯರು ಯಾತಕ್ಕೆ? ನಿಮ್ ಹೆಜ್ಜೆ ನಂಗೆ ತಿಳೀತದೆ, ಹೋಗಿ ಬನ್ನಿ!"