ಹಿಂತಿರುಗಿ ನೋಡದೆ ಓಡು

ಟಣ್... ಟಣ್...

ತಿರುವಿನಾಚೆ ಕರಡಿ ಓಡಿಸುವ ಗಂಟೆಯ ಸದ್ದು ಕೇಳಿ ಫುಮಿನೊ ಕುಡುಗೋಲು ಕೆಳಗಿಟ್ಟು ಪಕ್ಕಕ್ಕೆ ಸರಿದು ನಿಂತಳು. ಕಡಲಂಚಿನ ಈ ಕಾಲುದಾರಿ ನಡೆಯಲು ಬರುವವರೆಲ್ಲ ಚೀಲಕ್ಕೆ ಗಂಟೆ ಕಟ್ಟಿಕೊಂಡೇ ಬರುತ್ತಾರೆ. ಹುಲ್ಲು ಸವರಿ ದಾರಿ ತೆರವು ಮಾಡುವುದು ಅವಳ ಕೆಲಸ, ಬಂದವರಿಗೆ ತಲೆ ಬಾಗುವುದು ರೂಢಿ.

ಬಾಗಿದ ತಲೆ ಎತ್ತಿದಳು.

ತೆಪ್ಪೇಯಿ...

ಹದಿನಾಲ್ಕು ವರ್ಷ! ಕಿವಿಯ ಮೇಲೆ ಕೂದಲು ನರೆತಿದೆ. ಕಣ್ಣು ಮಾತ್ರ ಅದೇ. ಒಂದು ಕಾಲದಲ್ಲಿ ಆ ಕಣ್ಣಿಗಾಗಿಯೇ ಅವಳು ಮದುವೆಗೆ ಒಪ್ಪಿದ್ದಳು.

"ಯಾವ ಮುಖ ಹೊತ್ಕೊಂಡು ಬಂದೆ ಇಲ್ಲಿಗೆ?"

"ಇರೋದು ಇದೊಂದೇ ಮುಖ, ಫುಮಿ."

ಅವಳು ಕುಡುಗೋಲು ಎತ್ತಿಕೊಂಡಳು. ಅಷ್ಟರಲ್ಲಿ ಜೇಬಿನ ಫೋನ್ ಬಡಿದುಕೊಂಡಿತು. ದಾರಿ ನೋಡಿಕೊಳ್ಳುವವರಿಗೆಲ್ಲ ಯಜಮಾನಿಯಾದ ತೋಕಿಯೆ ಅಜ್ಜಿ.

"ಎಲ್ಲಿದ್ದೀಯೇ? ಇಳಿಜಾರಲ್ಲಿ ಕರಡಿ ಕಂಡಿದೆಯಂತೆ. ಒಬ್ಬೊಬ್ರೇ ಬರಬೇಡಿ. ಜೊತೆಗ್ಯಾರಾದ್ರೂ ಇದ್ದಾರಾ?"

"ಇದ್ದಾರೆ. ಬೇಡದವರು."

"ಕರಡಿಗೆ ಬೇಕಾದವರು, ಬೇಡದವರು ಅಂತ ಭೇದ ಇದೆಯಾ? ಜೊತೆಗೇ ಇಳಿದು ಬಾ!"

ಹೊರಟರು. ಅವಳು ಮುಂದೆ, ಅವನು ಹತ್ತು ಹೆಜ್ಜೆ ಹಿಂದೆ. ಕೆಳಗೆ ಬಂಡೆಗೆ ಅಲೆ ಅಪ್ಪಳಿಸುತ್ತಿತ್ತು. ಏಪ್ರಿಲ್ ಬಂದರೂ ಗಾಳಿಯ ಚಳಿ ಮೂಳೆಗೆ ಇಳಿಯುತ್ತಿತ್ತು. ಇಬ್ಬರ ನಡುವೆ ಮಾತಾಡುತ್ತಿದ್ದುದು ಆ ಗಂಟೆಯೊಂದೇ.

ಇಳಿಜಾರಿನ ಕೊನೆಗೆ ಹಮಾನೆ. ಒಂದು ಕಾಲಕ್ಕೆ ನಲವತ್ತು ಮನೆಗಳ ಊರು, ಆ ವರ್ಷದ ಸುನಾಮಿಯ ಬಳಿಕ ಬರೀ ಅಡಿಪಾಯದ ಕಲ್ಲು.

ಈ ಕರಾವಳಿಯಲ್ಲಿ ಹಾಲು ಹಲ್ಲಿನ ಮಕ್ಕಳಿಗೂ ಕಲಿಸುವ ಪಾಠ ಒಂದಿದೆ: ತೆನ್‌ದೆನ್‌ಕೊ. ಭೂಮಿ ನಡುಗಿತೋ, ಅಲೆ ಬರುವ ಮೊದಲೇ ಅವರವರ ಪಾಡಿಗೆ ಗುಡ್ಡಕ್ಕೆ ಓಡಬೇಕು. ಅಮ್ಮನಿಗಾಗಿ ಮಗು ಕಾಯಬಾರದು, ಮಗುವಿಗಾಗಿ ಅಮ್ಮ ಹಿಂತಿರುಗಬಾರದು. ಕಟುಕರ ಮಾತು ಅನ್ನಿಸುತ್ತದೆ, ಅಲ್ಲವೇ? ಆದರೆ ಒಬ್ಬರನ್ನೊಬ್ಬರು ಹುಡುಕುತ್ತಾ ಮನೆಮನೆಯೇ ಮುಳುಗಿದ ಊರಿನವರು ಕಟ್ಟಿದ ಮಾತದು. ನಿನ್ನವರೂ ಓಡಿರುತ್ತಾರೆ ಎಂದು ನಂಬಿ ಓಡು, ಅಷ್ಟೇ. ಅದಕ್ಕೊಂದು ಬಾಲವೂ ಇದೆ: ಬದುಕಿ ಬಂದವನನ್ನು 'ನೀನೊಬ್ಬನೇ ಯಾಕೆ ಬಂದೆ' ಎಂದು ಯಾರೂ ಕೇಳಬಾರದು.

ಫುಮಿನೊ ಕೇಳಿದ್ದಳು! ಆಸರೆಗೆಂದು ಊರೆಲ್ಲ ಸೇರಿದ್ದ ಶಾಲೆಯ ಹಾಲ್‌ನಲ್ಲಿ, ಇನ್ನೂರು ಜನರ ಮುಂದೆ. 'ನಮ್ಮಪ್ಪನ ಕೈ ಬಿಟ್ಟು ಓಡಿ ಬಂದೆಯಲ್ಲ, ಹೇಡಿ!' ತೆಪ್ಪೇಯಿ ತುಟಿ ಬಿಚ್ಚಲಿಲ್ಲ. ಮೂರನೆಯ ದಿನ ಊರನ್ನೇ ಬಿಟ್ಟಿದ್ದ. ಅಪ್ಪ ಗೆನ್‌ಜಿರೋ ಮಾತ್ರ ಇವತ್ತಿಗೂ ಸಿಕ್ಕಿಲ್ಲ, ಒಂದು ಮೂಳೆಯೂ ಸಿಕ್ಕಿಲ್ಲ.

ಅವಳ ಮನೆಯಿದ್ದ ಜಾಗ ಬಂತು. ಉಳಿದಿದ್ದು ಗೇಟಿನ ಒಂದು ಕಲ್ಲುಕಂಬ. ಅವಳಿಗೆ ತಡೆಯಲಾಗಲಿಲ್ಲ.

"ಆವತ್ತು ದಡದಲ್ಲಿ ನೀವಿಬ್ರೂ ಒಟ್ಟಿಗೆ ಕಡಲ ಸೊಪ್ಪು ಬೇಯಿಸ್ತಿದ್ರಿ. ನೀನು ಬಂದೆ, ಅಪ್ಪ ಬರ್ಲಿಲ್ಲ. ಕೈ ಹಿಡಿದು ಎಳೆಯೋಕೂ ಆಗ್ಲಿಲ್ವಾ?"

"ಎಳೆದೆ. ಬಿಡಿಸ್ಕೊಂಡ್ರು."

"ಸುಳ್ಳು! ಊರಿಗೆಲ್ಲ ಓಡೋದು ಕಲಿಸಿದ್ದೇ ಅವರು. ಅವರ್ಯಾಕೆ ನಿಲ್ತಾರೆ?"

ಅವನು ಬಾಗಿ ಕಂಬದ ಎಡಗಡೆಯ ಮಣ್ಣು ಮುಟ್ಟಿದ.

"ಏನದು?"

"ಏನಿಲ್ಲ... ನಿನ್ನ ಕೆಂಪು ಸೈಕಲ್ ಇಲ್ಲೇ ತಾನೇ ಒರಗಿ..." ತಟ್ಟನೆ ನಾಲಿಗೆ ಕಚ್ಚಿಕೊಂಡ.

ಫುಮಿನೊ ಅವನ ಎದುರಿಗೆ ಬಂದು ನಿಂತಳು.

"ನನ್ನ ಸೈಕಲ್ ರಾತ್ರಿ ಒಳಗೆ, ಹಗಲು ಹೊತ್ತು ಯಾವತ್ತೂ ಮೇಲೆ ನನ್ನ ಕೆಲಸದ ಅಂಚೆ ಕಚೇರಿ ಹತ್ರಾನೇ ಇರ್ತಿತ್ತು. ಆವತ್ತೊಂದೇ ದಿನ... ಊಟಕ್ಕೆ ಬಂದಾಗ ಚಕ್ರ ಪಂಕ್ಚರ್ ಆಯ್ತು. ಇಲ್ಲೇ ಬಿಟ್ಟು ತೋಕಿಯೆ ಅಜ್ಜಿ ಟ್ರಕ್ ಹತ್ತಿ ಕೆಲಸಕ್ಕೆ ವಾಪಸ್ ಹೋದೆ. ನಿನಗೆ ಹೇಗೆ ಗೊತ್ತು?"

ಅವನು ಬೆರಳಿಗೆ ಮೆತ್ತಿದ ಮಣ್ಣು ಒರೆಸಿಕೊಂಡ.

"ತೆಪ್ಪೇಯಿ, ಅಪ್ಪನೂ ನೋಡಿದ್ರಾ?"

"ಇಲ್ಲ."

ತೀರಾ ಬೇಗ ಬಂದ ಉತ್ತರ.

"ಅಪ್ಪನೂ ನೋಡಿದ್ರಾ?!"

ಅವನು ಕಲ್ಲಿನ ಮೇಲೆ ಕುಸಿದು ಕುಳಿತ. ಹದಿನಾಲ್ಕು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಬಿಸಿ ತುಪ್ಪ. ನುಂಗುವಂತಿರಲಿಲ್ಲ, ಉಗುಳುವಂತಿರಲಿಲ್ಲ.

"ಇಬ್ರೂ ಓಡಿ ಬರ್ತಿದ್ವಿ. ಗೇಟಿನ ಹತ್ರ ನಿಂತುಬಿಟ್ರು. ಸೈಕಲ್ ಇಲ್ಲೇ ಇದೆ, ಮಗಳು ಒಳಗಿದ್ದಾಳೆ ಅಂದ್ರು. ಅವಳು ಓಡಿರ್ತಾಳೆ ಮಾವ, ಅವಳನ್ನ ನಂಬಿ ಅಂತ ಕೂಗಿದೆ. ಕೈ ಕೊಡವಿ ಒಳಗೆ ಹೋದ್ರು. ನಾನು..." ಗುಡ್ಡದತ್ತ ಕೈ ತೋರಿದ. "ನಾನು ಓಡ್ದೆ, ಫುಮಿ. ಹಿಂತಿರುಗಿ ನೋಡ್ಲಿಲ್ಲ."

ಎಲ್ಲರಿಗೂ ಪಾಠ ಹೇಳಿದ ಮನುಷ್ಯ ತನ್ನ ಮಗಳ ವಿಷಯ ಬಂದಾಗ ನಂಬಲಾರದೆ ಹೋದ. ತಂದೆಯ ಕರುಳು!

"ಹಾಗಾದ್ರೆ ಅಪ್ಪನನ್ನ ಕೊಂದಿದ್ದು ನಾನು..." ಅವಳು ಕಂಬಕ್ಕೆ ಹಣೆ ಚಚ್ಚಿಕೊಳ್ಳಹೋದಳು. ಅವನ ಅಂಗೈ ನಡುವೆ ಬಂತು.

"ಕೊಂದಿದ್ದು ಕಡಲು. ಪಂಕ್ಚರ್ ಆದ ಚಕ್ರ ಅಲ್ಲ."

"ಯಾಕೆ ಹೇಳ್ಲಿಲ್ಲ? ಹೇಡಿ ಅಂದೆ, ಊರೆಲ್ಲ ಆಡಿಕೊಂಡ್ತು..."

"ಆಗ ಹೇಳಿದ್ರೆ ನೀನು ಉಳೀತಿದ್ಯಾ?"

ಇಲ್ಲ. ಇಪ್ಪತ್ತಮೂರರ ಆ ಹುಡುಗಿ ಅದೇ ಸಂಜೆ ಬಂಡೆಯ ತುದಿಗೆ ನಡೆದಿರುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು, ಈಗ ಅವಳಿಗೂ ಗೊತ್ತಾಯಿತು.

"ನನ್ನ ಮೇಲೆ ಸಿಟ್ಟಿದ್ರೆ ಆ ಸಿಟ್ಟಿಗಾದ್ರೂ ಬದುಕ್ತೀಯ ಅನ್ಕೊಂಡೆ," ಎಂದ.

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನಿಗಾಗಿ, ತನಗಾಗಿ, ಮಾಡದ ತಪ್ಪಿಗೆ ನರೆತ ಈ ತಲೆಗಾಗಿ. ಈ ದುಃಖ ಇನ್ನು ಮುಗಿಯುವುದಲ್ಲ. ಸಿಟ್ಟಿಗಿಂತ ಹೆಚ್ಚು ಭಾರದ್ದು ಇದು.

"ಈಗ್ಯಾಕೆ ಬಂದೆ?"

"ತೋಕಿಯೆ ಅಜ್ಜಿ ಕಾಗದ ಬರೆದಿದ್ರು. ನೀನು ಈ ದಾರಿ ಬಿಟ್ಟು ಎಲ್ಲೂ ಹೋಗಲ್ಲ, ಒಬ್ಬಳೇ ಹುಲ್ಲು ಸವರ್ತೀಯ ಅಂತ. ಒಂದ್ಸಲ ನೋಡಿ ಹೋಗೋಣ ಅಂತ ಬಂದೆ."

ಕರಡಿ ನಿಜಕ್ಕೂ ಕಂಡಿತ್ತೋ ಇಲ್ಲವೋ, ಆ ಮುದುಕಿಗೇ ಗೊತ್ತು!

ಫುಮಿನೊ ಕಣ್ಣೊರೆಸಿಕೊಂಡು ಗುಡ್ಡದ ಗುಡಿಗೆ ಹತ್ತುವ ಕಲ್ಲು ಮೆಟ್ಟಿಲುಗಳತ್ತ ನೋಡಿದಳು. ಅಲ್ಲಿಗೆ ಓಡಿದವರಷ್ಟೇ ಉಳಿದಿದ್ದರು.

"ಆವತ್ತು ಓಡುವಾಗ ಏನು ಯೋಚಿಸಿದೆ?"

"ನೀನು ಮೇಲಿರ್ತೀಯ ಅಂತ. ಅದೊಂದೇ. ಇದ್ದೆ. ನೀನು ಬೈತಿದ್ದಾಗ್ಲೂ ನನಗೆ ಕೇಳಿಸ್ತಿದ್ದಿದ್ದು ನೀನು ಬದುಕಿದ್ದೀಯ ಅನ್ನೋದಷ್ಟೇ."

ಅವಳು ಅವನ ತಣ್ಣನೆಯ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ. ಮೆಟ್ಟಿಲು ಹತ್ತತೊಡಗಿದರು. ಈ ಸಲ ಹಿಂದೆ ಮುಂದೆ ಅಲ್ಲ, ಪಕ್ಕಪಕ್ಕ.

ಅರ್ಧ ಹತ್ತಿದಾಗ ಅವಳು ನಿಂತಳು.

"ಇನ್ನೊಂದ್ಸಲ ಅಲೆ ಬಂದ್ರೆ?"

"ನೀನು ನಿನ್ನ ಪಾಡಿಗೆ ಓಡು. ನಾನು ನನ್ನ ಪಾಡಿಗೆ ಓಡ್ತೀನಿ."

"ನನ್ನ ಸೈಕಲ್ ಎಲ್ಲೇ ಇರ್ಲಿ, ಹುಡುಕಿ ಬರಬೇಡ..."

"ಬರಲ್ಲ."

"ಆಣೆ?"

"ಆಣೆ. ಮೇಲೆ ಸಿಗ್ತೀಯಲ್ಲಾ?"

"ಸಿಗ್ತೀನಿ," ಎಂದಳು ಫುಮಿನೊ. "ಕಾಯ್ತಾ ಇರ್ತೀನಿ."